ಫ್ರೀಮಾಂಟ್‌ನಲ್ಲಿ ಮನೆ, ಮೈಸೂರಿನಲ್ಲಿ ಸೈಟು: ವಿಲ್ ಒಂದೇ ಸಾಕಾ?

ಫ್ರೀಮಾಂಟ್ ಮೈಸೂರಿಗ:
ನಮಸ್ಕಾರ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಮನೆ ನಮ್ಮಿಬ್ಬರ ಹೆಸರಿನಲ್ಲಿದೆ. ಈಗ 15 ಲಕ್ಷ ಡಾಲರ್ ಬಾಳುತ್ತದೆ, 9 ಲಕ್ಷ ಸಾಲ ಬಾಕಿ. ಮೈಸೂರಿನ ವಿಜಯನಗರದಲ್ಲಿ ನನ್ನ ಹೆಸರಿಗೆ ಒಂದು ಸೈಟಿದೆ. ಮಗಳಿಗೆ ಎಂಟು, ಮಗನಿಗೆ ನಾಲ್ಕು. ವಿಲ್ ಬರೆದಿಟ್ಟರೆ ಪ್ರೊಬೇಟ್ ಅನ್ನೋ ಕೋರ್ಟಿನ ವ್ಯವಹಾರ ತಪ್ಪುತ್ತದೆ ಅಂತ ಒಬ್ಬರು, ಇಲ್ಲ ಅಂತ ಇನ್ನೊಬ್ಬರು. ಇಬ್ಬರಿಗೂ ಒಟ್ಟಿಗೆ ಏನಾದರೂ ಆದರೆ ಮಕ್ಕಳ ಗತಿ ಏನು ಅನ್ನೋದೇ ಚಿಂತೆ.

ಸನ್ನಿವೇಲ್ ಅಕ್ಕ:
ವಿಲ್ ಇದ್ದರೂ ಪ್ರೊಬೇಟ್ ತಪ್ಪುವುದಿಲ್ಲ. ಆ ವಿಲ್ ಸರಿಯಿದೆ ಅಂತ ಕೋರ್ಟು ಒಪ್ಪಿ, ಸಾಲ ತೀರಿಸಿ, ಆಸ್ತಿ ಹಂಚಿಸುವುದೇ ಪ್ರೊಬೇಟ್ ಅಲ್ವಾ? ವರ್ಷಗಟ್ಟಲೆ ಎಳೆಯಬಹುದು. ಕ್ಯಾಲಿಫೋರ್ನಿಯಾದಲ್ಲಿ ವಕೀಲರ ಫೀಸು ಕಾನೂನಿನಲ್ಲೇ ಇದೆ: ಮೊದಲ 1 ಲಕ್ಷಕ್ಕೆ ಶೇ. 4, ಮುಂದಿನ ಲಕ್ಷಕ್ಕೆ ಶೇ. 3, ಅಲ್ಲಿಂದ 10 ಲಕ್ಷದವರೆಗೆ ಶೇ. 2, ಅದರ ಮೇಲೆ 1 ಕೋಟಿಯವರೆಗೆ ಶೇ. 1. ನಿಮ್ಮ ಮನೆಗೆ 28,000 ಡಾಲರ್. ವಿಲ್ ಜಾರಿ ಮಾಡುವವರಿಗೂ ಅಷ್ಟೇ ಕೇಳುವ ಹಕ್ಕಿದೆ. ಸಾಲ ಕಳೆಯದೆ ಪೂರ್ತಿ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ. ಇದು ನನಗೆ ಶುದ್ಧ ಅನ್ಯಾಯ ಅನ್ನಿಸುತ್ತದೆ.

ಲಿವಿಂಗ್ ಟ್ರಸ್ಟ್ ಮಾಡಿಸಿ. ಅಂದರೆ ಬದುಕಿರುವಾಗಲೇ ಆಸ್ತಿಯನ್ನು ಟ್ರಸ್ಟಿನ ಹೆಸರಿಗೆ ಮಾಡಿ, ನಿಮ್ಮ ನಂತರ ಪ್ರೊಬೇಟ್ ಇಲ್ಲದೆ ಮಕ್ಕಳಿಗೆ ಹೋಗುವ ಹಾಗೆ ಬರೆದಿಡುವ ಏರ್ಪಾಡು. ಆದರೆ ಬರೆಸಿ ಸುಮ್ನೆ ಕೂರಬೇಡಿ. ನಮ್ಮ ಪರಿಚಯದ ಆಂಟಿಯೊಬ್ಬರು ತೀರಿಕೊಂಡಾಗ ಟ್ರಸ್ಟ್ ಫೈಲು ಕಪಾಟಿನಲ್ಲಿ ಜೋಪಾನವಾಗಿತ್ತು. ಮನೆಯ ಡೀಡ್ (ಹಕ್ಕುಪತ್ರ) ಮಾತ್ರ ಇನ್ನೂ ಅವರ ಸ್ವಂತ ಹೆಸರಲ್ಲೇ! ಮಕ್ಕಳು ಕೋರ್ಟಿಗೆ ಅಲೆದರು. ಮನೆಯನ್ನು ಟ್ರಸ್ಟಿನ ಹೆಸರಿಗೆ ಮಾಡುವ ಹೊಸ ಡೀಡ್‌ಗೆ ನೋಟರಿ ಮುಂದೆ ಸಹಿ ಹಾಕಿ, ಅಲಮೀಡಾ ಕೌಂಟಿ ರೆಕಾರ್ಡರ್ ಆಫೀಸಿನಲ್ಲಿ ದಾಖಲು ಮಾಡಿಸಿ. ನೀವೇ ಟ್ರಸ್ಟಿಗಳಾಗಿ (ಟ್ರಸ್ಟ್ ನೋಡಿಕೊಳ್ಳುವವರಾಗಿ), ಬೇಕಾದಾಗ ಬದಲಾಯಿಸುವ ಹಾಗಿದ್ದರೆ, ಇದರಿಂದ ಪ್ರಾಪರ್ಟಿ ಟ್ಯಾಕ್ಸ್ ಏರುವುದಿಲ್ಲ.

401ಕೆ, ಅಂದರೆ ಕೆಲಸದ ಕಡೆಯ ನಿವೃತ್ತಿ ಉಳಿತಾಯದ ದುಡ್ಡನ್ನು ಟ್ರಸ್ಟಿನ ಹೆಸರಿಗೆ ಬದಲಾಯಿಸಬೇಡಿ. ಅದು ನಾಮಿನಿಗೆ ನೇರ ಹೋಗುತ್ತದೆ, ಹೆಸರು ಸರಿಯಿದೆಯಾ ಇವತ್ತೇ ನೋಡಿ. ಇನ್ನು ಮಕ್ಕಳನ್ನು ಯಾರು ಸಾಕಬೇಕು ಅನ್ನೋದನ್ನು ವಿಲ್‌ನಲ್ಲಿ ಬರೆಯಿರಿ. ಹಾಗಾಗಿ ಟ್ರಸ್ಟ್ ಜೊತೆ ವಿಲ್ಲೂ ಬೇಕೇ ಬೇಕು.

ಕುವೆಂಪುನಗರ ವಕೀಲ:
ಸೈಟನ್ನು ಅಲ್ಲಿನ ಟ್ರಸ್ಟಿಗೆ ಸೇರಿಸಬೇಡಿ ಸರ್. ಅದಕ್ಕೆ ಪ್ರತ್ಯೇಕ ವಿಲ್ ಬರೆಯಿರಿ, ಇಬ್ಬರು ಸಾಕ್ಷಿಗಳ ಸಹಿ ಇರಲಿ. ಕರ್ನಾಟಕದಲ್ಲಿ ಬರೆದ, ಇಲ್ಲಿನ ಆಸ್ತಿಗಷ್ಟೇ ಸೇರಿದ ಹಿಂದೂ ವಿಲ್‌ಗೆ ಪ್ರೊಬೇಟ್ ಕಡ್ಡಾಯ ಅಲ್ಲ. ರಿಜಿಸ್ಟರ್ ಮಾಡಿಸೋದೂ ಕಡ್ಡಾಯ ಅಲ್ಲ, ಆದರೂ ಊರಿಗೆ ಬಂದಾಗ ಮಾಡಿಸಿಬಿಡಿ. ನಾಳೆ ಖಾತೆ ಬದಲಾವಣೆಗೆ ಹೋದವರಿಗೆ ತಕರಾರು ಕಡಿಮೆ. ಒಂದು ಎಚ್ಚರ: ಅಮೆರಿಕದ ವಿಲ್‌ನಲ್ಲಿ ‘ಹಿಂದಿನ ಎಲ್ಲ ವಿಲ್‌ಗಳೂ ರದ್ದು’ ಅನ್ನುವ ಸಾಲು ಇರುತ್ತದೆ. ಮೈಸೂರಿನ ವಿಲ್ ಅದಕ್ಕೆ ಸೇರದು ಅಂತ ಬರೆಸದಿದ್ದರೆ ಅದೂ ಹೋದಂತೆಯೇ.

ಫ್ರೀಮಾಂಟ್ ಮೈಸೂರಿಗ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ಡೀಡ್ ಬದಲಾಯಿಸಿದರೆ ಬ್ಯಾಂಕಿನವರು ಸಾಲ ಪೂರ್ತಿ ಕಟ್ಟಿ ಅನ್ನಬಹುದಾ?

ಸನ್ನಿವೇಲ್ ಅಕ್ಕ:
ನೀವು ಅದೇ ಮನೆಯಲ್ಲಿದ್ದು, ಟ್ರಸ್ಟಿನ ಫಲಾನುಭವಿಯೂ ನೀವೇ ಆಗಿದ್ದರೆ ಹಾಗೆ ಕೇಳುವಂತಿಲ್ಲ. 1982ರ ಗಾರ್ನ್-ಸೇಂಟ್ ಜರ್ಮೇನ್ ಕಾಯ್ದೆ ಅದನ್ನು ತಡೆಯುತ್ತದೆ. ಆದರೂ ಬ್ಯಾಂಕಿಗೊಂದು ಪತ್ರ ಹಾಕಿ. ಮನೆಯ ಇನ್ಶೂರೆನ್ಸ್‌ಗೆ ಟ್ರಸ್ಟಿನ ಹೆಸರು ಸೇರಿಸೋದು ಮರೆಯಬೇಡಿ.