ಕೊಲೊರಾಡೊದ ಟೆಲ್ಯುರೈಡ್: ಬ್ಯಾಂಕ್ ದರೋಡೆಯ ಆಚೆಗೆ ಏನಿದೆ?

ಪ್ರಶ್ನೆ – ಕಾವೇರಿತೀರ
ಮಾನ್ಯರೇ, ಮಗಳು ಮತ್ತು ಅಳಿಯನೊಂದಿಗೆ ಅಮೆರಿಕದ ಕೊಲೊರಾಡೊ ರಾಜ್ಯದ ಟೆಲ್ಯುರೈಡ್ ಎಂಬ ಪುಟ್ಟ ಪಟ್ಟಣಕ್ಕೆ ಹೋಗಲಿದ್ದೇನೆ. ಮೂರು ಕಡೆಯೂ ಬೆಟ್ಟ ಸುತ್ತುವರಿದಿರುವ, ಸುಮಾರು 8750 ಅಡಿ ಎತ್ತರದಲ್ಲಿರುವ ಈ ಊರಿನ ಬಗ್ಗೆ ಯಾರನ್ನು ಕೇಳಿದರೂ ಹಿಮದ ಮೇಲೆ ಜಾರುವ ಆಟ, ಇಲ್ಲವೇ ಕುಖ್ಯಾತ ದರೋಡೆಕೋರ ಬುಚ್ ಕ್ಯಾಸಿಡಿ ನಡೆಸಿದ ಬ್ಯಾಂಕ್ ದರೋಡೆ, ಇವೆರಡನ್ನೇ ಹೇಳುತ್ತಾರೆ. ಬೇರೇನಾದರೂ ಸ್ವಾರಸ್ಯಕರ ಸ್ಥಳೀಯ ಇತಿಹಾಸವಿದ್ದರೆ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ – ಹಳೆಯ ಪತ್ರಿಕೆ
ದರೋಡೆಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. 1889ರ ಜೂನ್ 24ರಂದು ಕ್ಯಾಸಿಡಿ ಮತ್ತು ಸಂಗಡಿಗರು ಸ್ಯಾನ್ ಮಿಗೆಲ್ ವ್ಯಾಲಿ ಬ್ಯಾಂಕಿನಿಂದ 20,000 ಡಾಲರಿಗೂ ಹೆಚ್ಚು ಹಣ ದೋಚಿದರು. ಬೆನ್ನಟ್ಟಿದವರ ಕುದುರೆಗಳು ದಣಿಯುವ ಹೊತ್ತಿಗೆ ತಮಗೆ ಹೊಸ ಕುದುರೆಗಳು ಸಿಗುವಂತೆ, ಓಡಿಹೋಗುವ ದಾರಿಯುದ್ದಕ್ಕೂ ಅವನ್ನು ಮೊದಲೇ ಕಟ್ಟಿಸಿಟ್ಟಿದ್ದರು. ಕಳ್ಳತನವಾದರೂ ಯೋಜನೆ ಅಚ್ಚುಕಟ್ಟಾಗಿತ್ತು ಎನ್ನಲೇಬೇಕು.

ಉತ್ತರ – ನಿವೃತ್ತ ಎಂಜಿನಿಯರ್
ನನ್ನ ದೃಷ್ಟಿಯಲ್ಲಿ ದರೋಡೆಗಿಂತ ಆ ಬ್ಯಾಂಕಿನ ಒಡೆಯರಾಗಿದ್ದ ವಕೀಲ ಎಲ್. ಎಲ್. ನನ್ ಅವರ ಕಥೆಯೇ ದೊಡ್ಡದು. ಅವರ ಹೊಣೆಯಲ್ಲಿದ್ದ ಗೋಲ್ಡ್ ಕಿಂಗ್ ಗಣಿ ಮರಗಳೇ ಬೆಳೆಯದಷ್ಟು ಎತ್ತರದಲ್ಲಿದ್ದುದರಿಂದ, ಅದಿರು ಕುಟ್ಟುವ ಯಂತ್ರಗಳಿಗೆ ಬೇಕಾದ ಕಲ್ಲಿದ್ದಲನ್ನು ಹೇಸರಗತ್ತೆಗಳ ಬೆನ್ನ ಮೇಲೆ ಹೇರಿ ತರಬೇಕಾಗಿತ್ತು. ಈ ಖರ್ಚಿನಲ್ಲಿಯೇ ಗಣಿ ಮುಳುಗುವ ಸ್ಥಿತಿ ಬಂದಿತ್ತು. ಹತ್ತಿರದ ಏಮ್ಸ್ ಎಂಬಲ್ಲಿ ಹೊಳೆಯ ನೀರು ಧಾರಾಳವಾಗಿತ್ತು. ಆದರೆ ಅಂದು ಎಡಿಸನ್ ಬೆಂಬಲಿಸುತ್ತಿದ್ದ ನೇರ ವಿದ್ಯುತ್ತನ್ನು (ಒಂದೇ ದಿಕ್ಕಿನಲ್ಲಿ ಹರಿಯುವ ಡಿ.ಸಿ.) ಅಷ್ಟು ದೂರ ಸಾಗಿಸಲು ಹೋದರೆ ತಾಮ್ರದ ತಂತಿಯ ಬೆಲೆಯೇ ಕೈಮೀರುತ್ತಿತ್ತು. ಆದ್ದರಿಂದ ನನ್ ಅವರು ವೆಸ್ಟಿಂಗ್‌ಹೌಸ್ ಕಂಪನಿಯನ್ನು ಒಪ್ಪಿಸಿ, ತಮ್ಮ ಎಂಜಿನಿಯರ್ ಸಹೋದರನ ನೆರವಿನಿಂದ, 1891ರಲ್ಲಿ ಪರ್ಯಾಯ ವಿದ್ಯುತ್ (ದಿಕ್ಕು ಬದಲಿಸುತ್ತ ಹರಿಯುವ ಎ.ಸಿ.) ಸ್ಥಾವರವನ್ನು ನಡೆಸಿ ತೋರಿಸಿದರು. ಇದನ್ನು ಹೆಚ್ಚು ವೋಲ್ಟಿನಲ್ಲಿ, ತೆಳುವಾದ ತಂತಿಯಲ್ಲೇ ದೂರ ಸಾಗಿಸಬಹುದಿತ್ತು. ಕೊಳವೆಯ ತುದಿಯಿಂದ ಚಿಮ್ಮುವ ನೀರು ಪೆಲ್ಟನ್ ಚಕ್ರದ ಬಟ್ಟಲುಗಳಿಗೆ ಬಡಿದು ಜನರೇಟರನ್ನು ತಿರುಗಿಸುತ್ತಿತ್ತು. 3000 ವೋಲ್ಟಿನ ವಿದ್ಯುತ್ತು ಸುಮಾರು 4 ಕಿಲೋಮೀಟರ್ ದೂರ ಹರಿದು ಗಣಿಯ 100 ಅಶ್ವಶಕ್ತಿಯ ಮೋಟಾರನ್ನು ನಡೆಸುತ್ತಿತ್ತು. ಕೈಗಾರಿಕೆಗಾಗಿ ಪರ್ಯಾಯ ವಿದ್ಯುತ್ತನ್ನು ಉತ್ಪಾದಿಸಿ ಸಾಗಿಸಿದ ಮೊದಲ ಸ್ಥಾವರಗಳಲ್ಲಿ ಇದೂ ಒಂದು.

ಪ್ರತಿಕ್ರಿಯೆ – ಕಾವೇರಿತೀರ
ಬಹಳ ಉಪಕಾರವಾಯಿತು ಸರ್. ಹಾಗಾದರೆ ನಮ್ಮ ಶಿವನಸಮುದ್ರದ ಸ್ಥಾವರವೂ ಇದೇ ದಾರಿಯಲ್ಲಿ ಬಂದದ್ದೇ?

ಉತ್ತರ – ನಿವೃತ್ತ ಎಂಜಿನಿಯರ್
ಎರಡಕ್ಕೂ ನೇರ ಸಂಬಂಧವನ್ನು ಕಟ್ಟಲಾಗದು. ಆದರೆ ಚಿನ್ನದ ಗಣಿ, ದುಬಾರಿ ಇಂಧನ, ದೂರದ ನೀರು ಎಂಬ ಲೆಕ್ಕಾಚಾರ ಎರಡೂ ಕಡೆ ಒಂದೇ. ಏಮ್ಸ್‌ನ ಪ್ರಯೋಗ ನಡೆದು 11 ವರ್ಷಗಳಾಗುವಷ್ಟರಲ್ಲಿ, ಅಂದರೆ 1902ರಲ್ಲಿ, ಕಾವೇರಿಯ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಗಣಿಗಳನ್ನು ತಲುಪಿತ್ತು. ಆ ತಂತ್ರಜ್ಞಾನ ಎಷ್ಟು ವೇಗವಾಗಿ ಬೆಳೆಯಿತೆಂಬುದು ಇದರಿಂದಲೇ ತಿಳಿಯುತ್ತದೆ.

ಉತ್ತರ – ರೈಲುಪ್ರಿಯ
‘ಗ್ಯಾಲಪಿಂಗ್ ಗೂಸ್’ (ಓಡುವ ಬಾತುಕೋಳಿ) ಎಂಬ ರೈಲುಗಾಡಿಗಳ ಬಗ್ಗೆಯೂ ವಿಚಾರಿಸಿ. ಆರ್ಥಿಕ ಕುಸಿತದ ಕಾಲದಲ್ಲಿ ಹಬೆಯ ರೈಲನ್ನು ಓಡಿಸುವುದು ದುಬಾರಿಯಾದಾಗ, ಈ ಊರಿಗೆ ಬರುತ್ತಿದ್ದ ರಿಯೊ ಗ್ರಾಂಡೆ ಸದರ್ನ್ ರೈಲ್ವೆಯವರು 1931ರಿಂದ ಹಳೆಯ ಮೋಟಾರು ಕಾರುಗಳ ಮೈಕಟ್ಟನ್ನೇ ಹಳಿಯ ಮೇಲೆ ಕೂರಿಸಿ, ಅಂಚೆಯನ್ನೂ ಪ್ರಯಾಣಿಕರನ್ನೂ ಸಾಗಿಸಿದರು. ಬಾತುಕೋಳಿಯ ನಡಿಗೆಯಂತೆ ಅತ್ತಿತ್ತ ವಾಲುತ್ತ ಬರುತ್ತಿದ್ದ ಆ ಗಾಡಿಗಳಲ್ಲಿ ಕೆಲವು ಕೊಲೊರಾಡೊದಲ್ಲಿ ಇಂದಿಗೂ ಉಳಿದಿವೆ.