ರೋಮ 3:28, ಯಾಕೋಬ 2:24: ಎರಡನ್ನೂ ಒಂದೇ ತರಗತಿಯಲ್ಲಿ ಹೇಗೆ ಕಲಿಸುವುದು?

ಪ್ರಶ್ನೆ (ಕುಂಬಳೆಯಿಂದ)

ಜನವರಿ 18ರಿಂದ 25ರವರೆಗಿನ ಐಕ್ಯ ಪ್ರಾರ್ಥನಾ ವಾರದಲ್ಲಿ ನಮ್ಮ ಕಾಸರಗೋಡು ಕಡೆಯ ಕೆಥೋಲಿಕ್ ಮತ್ತು ಸಿಎಸ್‌ಐ (ದಕ್ಷಿಣ ಭಾರತ ಸಭೆ, ಪ್ರೊಟೆಸ್ಟಂಟ್) ಯುವಜನರಿಗೆ ಒಟ್ಟಿಗೆ ಒಂದೂಕಾಲು ಗಂಟೆಯ ಬೈಬಲ್ ತರಗತಿ ಇದೆ. ಕೊಂಕಣಿ ಬಾರದವರೂ ಇರುವುದರಿಂದ ಪೂರ್ತಿ ಕನ್ನಡದಲ್ಲಿ. ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ಧರ್ಮಶಾಸ್ತ್ರದ ಕ್ರಿಯೆಗಳಿಂದಲ್ಲ, ವಿಶ್ವಾಸದಿಂದ ಎನ್ನುತ್ತಾನೆ ಪೌಲ. ಬರೀ ವಿಶ್ವಾಸದಿಂದಲ್ಲ, ಕ್ರಿಯೆಗಳಿಂದ ಎನ್ನುತ್ತಾನೆ ಯಾಕೋಬ. ಎರಡನ್ನೂ ಒಂದೇ ಹಾಳೆಯಲ್ಲಿ ಕೊಟ್ಟರೆ ಹತ್ತು ನಿಮಿಷದಲ್ಲಿ ಎರಡು ಪಕ್ಷ ಆಗಿಬಿಡುತ್ತದೆ. ಎಲ್ಲಿಂದ ಶುರು ಮಾಡಲಿ? 'ಕೃಪೆ ಮತ್ತು ಕ್ರಿಯೆ ಒಂದೇ ಗಾಡಿಯ ಎರಡು ಎತ್ತು' ಎಂದು ಹೇಳಬಹುದಾ?

ಉತ್ತರ 1 (ಬೇಳದಿಂದ)

ಎತ್ತಿನ ಮಾತು ಬೇಡ ಮಾರಾಯ್ರೆ. ಎರಡೂ ಸರಿಸಮ ಎಳೆಯುತ್ತವೆ ಎಂಬ ಅರ್ಥ ಬರುತ್ತದೆ: ಅರ್ಧ ದೇವರದ್ದು, ಅರ್ಧ ನಮ್ಮದು. ಹಾಗೆಂದು ಕೆಥೋಲಿಕ್ ಸಭೆಯೂ ಕಲಿಸುವುದಿಲ್ಲ. ವಿಶ್ವಾಸದ ಆರಂಭವೇ ಕೃಪೆಯ ಕೆಲಸ ಎಂದು 529ರಲ್ಲೇ ಒರಾಂಜ್‌ನಲ್ಲಿ ಸೇರಿದ ಬಿಷಪರ ಸಭೆ ತೀರ್ಮಾನಿಸಿ ಆಗಿದೆ.

ರೋಮ, ಯಾಕೋಬ ಎರಡನ್ನೂ ಬದಿಗಿಟ್ಟು ಆದಿಕಾಂಡದಿಂದ ಹೊರಡಿ. ಇಬ್ಬರೂ ಅಬ್ರಹಾಮನನ್ನೇ ಸಾಕ್ಷಿಗೆ ಕರೆಯುತ್ತಾರೆ, ಇಬ್ಬರೂ ಉದ್ಧರಿಸುವುದು 15:6 ಅನ್ನೇ: ಅವನು ದೇವರನ್ನು ನಂಬಿದ, ಅದು ಅವನಿಗೆ ನೀತಿಯೆಂದು ಎಣಿಕೆಯಾಯಿತು. ಮುಂದಿನ ಅಧ್ಯಾಯದ ಕೊನೆಯಲ್ಲಿ ಅವನ ವಯಸ್ಸು 86. ಸುನ್ನತಿ ಆಗುವುದು 17ನೇ ಅಧ್ಯಾಯದಲ್ಲಿ, 99ರಲ್ಲಿ. ಅಂದರೆ ಸುನ್ನತಿಗಿಂತ ಕಡಿಮೆಯೆಂದರೂ 13 ವರ್ಷ ಮೊದಲೇ ಅವನು ನೀತಿವಂತ. ರೋಮ 4:10ರಲ್ಲಿ ಪೌಲ ಕೇಳುವುದು ಇದನ್ನೇ: ಸುನ್ನತಿಗೆ ಮೊದಲೋ, ಆಮೇಲೋ? ಯಾಕೋಬ ತೋರಿಸುವುದು 22ನೇ ಅಧ್ಯಾಯವನ್ನು, ಇಸಾಕನನ್ನು ಬಲಿಪೀಠದ ಮೇಲೆ ಇಟ್ಟದ್ದನ್ನು. ಆ ಹೊತ್ತಿಗೆ ಅಬ್ರಹಾಮ ದೇವರನ್ನು ನಂಬಿ ವರ್ಷಗಳೇ ಕಳೆದಿವೆ. ಒಬ್ಬ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದಾನೆ, ಇನ್ನೊಬ್ಬ ಮನೆಯೊಳಗಿನ ಬಾಳನ್ನು ಕೇಳುತ್ತಿದ್ದಾನೆ.

ಬೋರ್ಡಿನಲ್ಲಿ 15, 17, 22 ಎಂದು ಅಡ್ಡಗೆರೆ ಎಳೆದು ಪೌಲನನ್ನೂ ಯಾಕೋಬನನ್ನೂ ಅವರವರ ಜಾಗದಲ್ಲಿ ಬರೆಯಿಸಿ. ಇದಕ್ಕೆ 25 ನಿಮಿಷ ಕೊಡಿ, ಅವಸರ ಬೇಡ. ಆಮೇಲೆ ಯಾಕೋಬ 2:19 ಓದಿಸಿ. ದೇವರು ಒಬ್ಬನೇ ಎಂದು ದೆವ್ವಗಳೂ ನಂಬಿ ನಡುಗುತ್ತವಂತೆ. ಯಾಕೋಬ ಸಾಲದೆನ್ನುವುದು ಆ ಬಗೆಯ ಒಪ್ಪಿಗೆಗೆ. ಪೌಲನ ವಿಶ್ವಾಸವೋ ಗಲಾತ್ಯ 5:6ರಲ್ಲಿ ಪ್ರೀತಿಯ ಮೂಲಕ ಕೆಲಸ ಮಾಡುವಂಥದ್ದು.

ಉತ್ತರ 2 (ಮಂಜೇಶ್ವರದಿಂದ, ಸಿಎಸ್‌ಐ)

ಮೇಲಿನವರ ಗೆರೆ ಚೆನ್ನಾಗಿದೆ. ನಮ್ಮ ಕಡೆಯವರು ಸಾಮಾನ್ಯವಾಗಿ ತಪ್ಪುವ ಜಾಗವನ್ನು ನಾನೇ ಹೇಳುತ್ತೇನೆ. ಎಫೆಸ 2:8, 9 ಬಾಯಿಪಾಠ ಇರುತ್ತದೆ, 10 ಇರುವುದಿಲ್ಲ. ದೇವರು ಮೊದಲೇ ಸಿದ್ಧಮಾಡಿಟ್ಟ ಸತ್ಕ್ರಿಯೆಗಳಲ್ಲಿ ನಡೆಯಲಿಕ್ಕೇ ನಮ್ಮನ್ನು ಕ್ರಿಸ್ತನಲ್ಲಿ ಸೃಷ್ಟಿಸಲಾಗಿದೆ ಎಂದು ಅದೇ ಉಸಿರಿನಲ್ಲಿ ಬರೆದಿದೆ. ಮೂರೂ ವಚನಗಳನ್ನು ಒಬ್ಬರಿಂದಲೇ, ನಿಲ್ಲಿಸದೆ ಓದಿಸಿ. ಲೂಥರನ್ನರ 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆಯಲ್ಲೂ 4ನೇ ವಿಧಿ ವಿಶ್ವಾಸದಿಂದ ನೀತಿ ಎನ್ನುತ್ತದೆ, 6ನೇ ವಿಧಿ ಆ ವಿಶ್ವಾಸ ಒಳ್ಳೆಯ ಫಲ ಕೊಡಲೇಬೇಕು ಎನ್ನುತ್ತದೆ.

ಆದರೆ ವ್ಯತ್ಯಾಸವೇ ಇಲ್ಲ ಎಂದು ಸಾರಿಸಿಬಿಡಬೇಡಿ, ಯುವಜನರಿಗೆ ಅದು ಗೊತ್ತಾಗುತ್ತದೆ. ಲೂಥರನ ಪ್ರಕಾರ ವಿಶ್ವಾಸಿ ಏಕಕಾಲಕ್ಕೆ ನೀತಿವಂತನೂ ಪಾಪಿಯೂ. ದೀಕ್ಷಾಸ್ನಾನದ ನಂತರ ಉಳಿಯುವ ದುರಾಸೆಯ ಸೆಳೆತವನ್ನು ಕೆಥೋಲಿಕರು ನೇರ ಅರ್ಥದಲ್ಲಿ ಪಾಪ ಎನ್ನುವುದಿಲ್ಲ. ಕೃಪೆಯಲ್ಲಿರುವವನ ಸತ್ಕ್ರಿಯೆಗಳಿಂದ ನೀತಿ ಬೆಳೆಯುತ್ತದೆ ಎಂಬುದು 16ನೇ ಶತಮಾನದ ಕೆಥೋಲಿಕ್ ಟ್ರೆಂಟ್ ಮಹಾಸಭೆಯ ಮಾತು. ನಮಗೆ ಕ್ರಿಯೆಗಳು ನೀತಿಯ ಫಲ ಮತ್ತು ಗುರುತು, ಅದನ್ನು ಹೆಚ್ಚಿಸುವ ಕಾರಣವಲ್ಲ. ಚರ್ಚೆ ಇರುವುದು ಇಲ್ಲಿ. ರಕ್ಷಣೆಯನ್ನು ಕೊಂಡುಕೊಳ್ಳಬಹುದೇ ಎಂಬಲ್ಲಿ ಅಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬ ಉಪಕಾರ. ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದು ಕೊನೆ ಗಳಿಗೆಯಲ್ಲಿ ಸ್ವರ್ಗದ ಮಾತು ಪಡೆದ ಕಳ್ಳನ ಬಗ್ಗೆ ಖಂಡಿತ ಕೇಳುತ್ತಾರೆ. ದಂಡವಿಮೋಚನೆ (ಇಂಡಲ್ಜೆನ್ಸ್), ಹರಕೆ ಇವೂ ಬರಬಹುದು.

ಉತ್ತರ 3 (ಬದಿಯಡ್ಕದಿಂದ)

ಕಳ್ಳನ ವಿಷಯದಲ್ಲಿ ಎರಡು ಕಡೆಯವರಿಗೂ ಜಗಳವಿಲ್ಲ (ಲೂಕ 23:43). ಹಿಂದಿನ ಯಾವ ಕ್ರಿಯೆಯೂ ಅವನ ಕೈಯಲ್ಲಿಲ್ಲ. ನೀತೀಕರಣಕ್ಕೆ, ಅಂದರೆ ಮನುಷ್ಯ ನೀತಿವಂತನಾಗುವುದಕ್ಕೆ, ಮುಂಚಿನ ಯಾವುದೂ, ವಿಶ್ವಾಸವಾಗಲಿ ಕ್ರಿಯೆಯಾಗಲಿ, ಆ ಕೃಪೆಯನ್ನು ಗಳಿಸಿಕೊಡುವುದಿಲ್ಲ ಎಂದು 1547ರ ಜನವರಿ 13ರಂದು ಟ್ರೆಂಟ್ ತನ್ನ ಆರನೇ ಅಧಿವೇಶನದ ಆದೇಶದ 8ನೇ ಅಧ್ಯಾಯದಲ್ಲಿ ಬರೆಯಿತು. ನಮ್ಮ ಕೆಥೋಲಿಕ್ ಮಕ್ಕಳೇ ಇದನ್ನು ಕೇಳಿರುವುದಿಲ್ಲ, ಜೋರಾಗಿ ಓದಿ.

ದಂಡವಿಮೋಚನೆಯನ್ನು ಈ ತರಗತಿಗೆ ತರಬೇಡಿ. ಅದು ಆಗಲೇ ಕ್ಷಮೆಯಾದ ಪಾಪದ ಕಾಲಿಕ (ಶಾಶ್ವತವಲ್ಲದ) ದಂಡನೆಗೆ ಸಂಬಂಧಿಸಿದ್ದು, ನೀತೀಕರಣಕ್ಕಲ್ಲ. ಎಳೆದು ತಂದರೆ ಉಳಿದ ಹೊತ್ತೆಲ್ಲ ಅದಕ್ಕೇ ಹೋಗುತ್ತದೆ.

ಹರಕೆಯನ್ನು ಮಾತ್ರ ತಪ್ಪಿಸಬೇಡಿ. ನಮ್ಮ ಊರುಗಳಲ್ಲಿ ನಿಜವಾದ ತೊಡಕು ಅದೇ. ನೊವೇನ (ಒಂಬತ್ತು ದಿನದ ಪ್ರಾರ್ಥನೆ) ಮುಗಿಸಿದೆ, ಮೇಣದಬತ್ತಿ ಹಚ್ಚಿದೆ, ಇನ್ನು ದೇವರು ಕೊಡಬೇಕು ಎಂಬ ಲೆಕ್ಕ ಯಾವ ಸಭೆಯ ಬೋಧನೆಯೂ ಅಲ್ಲ. ಕೃತಜ್ಞತೆಯ ಹರಕೆ ಬೇರೆ, ಬೆಲೆ ಕಟ್ಟುವ ಹರಕೆ ಬೇರೆ ಎಂದು ಬಿಡಿಸಿ ಹೇಳಿ. ಮತ್ತಾಯ 25ರ ಕೊನೆಯ ತೀರ್ಪಿನಲ್ಲಿ ಬಲಗಡೆ ನಿಂತವರು 'ಕರ್ತನೇ, ಯಾವಾಗ ನಿನಗೆ ಉಣಬಡಿಸಿದೆವು?' ಎಂದು ಬೆರಗಾಗುತ್ತಾರೆ. ಅವರ ಹತ್ತಿರ ಲೆಕ್ಕದ ಪುಸ್ತಕ ಇರಲಿಲ್ಲ. ಹಾಗೆಂದು ಅವರು ಉಣಬಡಿಸದೇ ಇರಲೂ ಇಲ್ಲ. ಇದರ ಮೇಲೆ 15 ನಿಮಿಷ ಅವರೇ ಮಾತಾಡಲಿ.

ಕೊನೆಗೆ ಕೆಥೋಲಿಕ್ ಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಸಹಿ ಹಾಕಿದ, ನೀತೀಕರಣದ ಕುರಿತ ಜಂಟಿ ಘೋಷಣೆಯ 15ನೇ ಪರಿಚ್ಛೇದವನ್ನು ಕನ್ನಡಕ್ಕೆ ಮಾಡಿ ಹಂಚಿ. ನಮ್ಮ ಯಾವ ಅರ್ಹತೆಯಿಂದಲೂ ಅಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಪವಿತ್ರಾತ್ಮ ನಮ್ಮನ್ನು ಸತ್ಕ್ರಿಯೆಗಳಿಗೆ ಸಜ್ಜುಗೊಳಿಸಿ ಕರೆಯುತ್ತಾನೆ ಎಂಬುದು ಅದರ ಸಾರ. 2006ರಲ್ಲಿ ಮೆಥೊಡಿಸ್ಟರೂ 2017ರಲ್ಲಿ ರಿಫಾರ್ಮ್ಡ್ ಸಭೆಗಳ ವಿಶ್ವ ಒಕ್ಕೂಟವೂ ಇದಕ್ಕೆ ಸೇರಿಕೊಂಡಿವೆ. ಸಿಎಸ್‌ಐ ಆ ಒಕ್ಕೂಟದ ಸದಸ್ಯ ಸಭೆ, ಹಾಗಾಗಿ ಇದು ಬರೀ ಜರ್ಮನಿಯ ಕಾಗದ ಎಂದು ಯಾರೂ ಹೇಳುವಂತಿಲ್ಲ. ಮಂಜೇಶ್ವರದವರು ಹೇಳಿದ ವ್ಯತ್ಯಾಸಗಳಿಗೂ ಅದರಲ್ಲೇ ಜಾಗವಿದೆ, 28ರಿಂದ 30 ಮತ್ತು 37ರಿಂದ 39ನೇ ಪರಿಚ್ಛೇದಗಳನ್ನು ನೀವು ಮೊದಲೇ ಓದಿಟ್ಟುಕೊಳ್ಳಿ.