ಕೈಯಲ್ಲಿ ಮಾಡಿದ ಪೋಸ್ಟ್‌ಕಾರ್ಡನ್ನು ಲಕೋಟೆ ಇಲ್ಲದೆ ಕಳಿಸಬಹುದಾ?

ನೀಲಿಶಾಯಿ:

ಎಲ್ಲರಿಗೂ ನಮಸ್ಕಾರ. ಇತ್ತೀಚೆಗೆ ನನಗೆ ಪೋಸ್ಟ್‌ಕಾರ್ಡ್ ಮಾಡುವ ಹುಚ್ಚು ಹತ್ತಿದೆ. ದಪ್ಪ ವಾಟರ್ ಕಲರ್ ಹಾಳೆ ಕತ್ತರಿಸಿ ಒಂದು ಕಡೆ ಚಿತ್ರ ಬಿಡಿಸುತ್ತೇನೆ. ಇನ್ನೊಂದು ಕಡೆ ನಡುವೆ ಗೆರೆ ಎಳೆದು, ಎಡಕ್ಕೆ ಪತ್ರ, ಬಲಕ್ಕೆ ವಿಳಾಸ. ಮಾಡುವಷ್ಟು ಹೊತ್ತು ಖುಷಿಯೋ ಖುಷಿ. ಅಂಚೆಗೆ ಹಾಕಬೇಕು ಎಂದಾಗ ಶುರುವಾಗುತ್ತದೆ ತಳಮಳ. ಮಳೆಯಲ್ಲಿ ನೆನೆದರೆ? ಮೆಷಿನ್‌ಗೆ ಸಿಕ್ಕಿ ಹರಿದರೆ? ಯಾರಾದರೂ ಚಿತ್ರದ ಮೇಲೇ ಮುದ್ರೆ ಒತ್ತಿಬಿಟ್ಟರೆ? ಹೀಗೆ ಯೋಚಿಸುತ್ತಾ ಒಂದು ಕಟ್ಟು ಕಾರ್ಡು ಡ್ರಾಯರ್‌ನಲ್ಲೇ ಬಿದ್ದಿದೆ.

ಕಳಿಸಬೇಕಿರುವುದು ದೂರದಲ್ಲಿರುವ ಗೆಳತಿಗೆ. ಅವಳೂ ಕಾರ್ಡ್ ಮಾಡುತ್ತಾಳೆ. ಈಗಾಗಲೇ ಕಳಿಸಿಯೂ ಆಗಿದೆ, "ನಿನ್ನದು ಎಲ್ಲಿ?" ಎಂದು ಕೇಳಿಯೂ ಆಗಿದೆ.

ಲಕೋಟೆಗೆ ಹಾಕಿ ಕಳಿಸಲಾ? ಅಥವಾ ಹಾಗೇ ಬಿಡಲಾ? ಇನ್ನೊಂದು ಮಾತು, ನನ್ನ ಚಿತ್ರ ಅಷ್ಟಕ್ಕಷ್ಟೇ. ಅವಳದು ಚೆನ್ನಾಗಿರುತ್ತದೆ.

ಮೇಣದಬಣ್ಣ:

ಲಕೋಟೆಗೆ ಹಾಕಿ. ನಾನು ಆಯಿಲ್ ಪೇಸ್ಟಲ್‌ನಲ್ಲಿ ಮಾಡುವವಳು. ಅದು ಪೂರ್ತಿ ಒಣಗುವುದೇ ಇಲ್ಲ. ಲಕೋಟೆ ಇಲ್ಲದೆ ಬಿಟ್ಟರೆ ನನ್ನ ಚಿತ್ರದ ಅರ್ಧ ಬಣ್ಣ ಪಕ್ಕದವರ ಕರೆಂಟ್ ಬಿಲ್ಲಿಗೆ ಮೆತ್ತಿಕೊಂಡು ಹೋಗುತ್ತದೆ. ಚಿತ್ರದ ಮೇಲೆ ಒಂದು ಬಟರ್ ಪೇಪರ್ ಇಟ್ಟು, ಹಿಂದೆ ತೆಳು ರಟ್ಟು ಕೊಟ್ಟು ಕಳಿಸಿದರೆ ಮಾಡಿದ ಹಾಗೇ ತಲುಪುತ್ತದೆ. ಅಷ್ಟು ಹೊತ್ತು ಕೂತು ಮಾಡಿದ್ದನ್ನು ಯಾಕೆ ಹಾಳು ಮಾಡಿಕೊಳ್ಳಬೇಕು?

ರಟ್ಟುರಾಶಿ:

ಮೇಣದಬಣ್ಣ ಅವರೇ, ಆಯಿಲ್ ಪೇಸ್ಟಲ್ ಬಗ್ಗೆ ನಿಮ್ಮ ಮಾತು ಸರಿ. ಇದ್ದಿಲು, ಒಣ ಪೇಸ್ಟಲ್ ಇವೂ ಅಷ್ಟೇ, ಬಣ್ಣ ಹಿಡಿದಿಡುವ ಫಿಕ್ಸೆಟಿವ್ ಸಿಂಪಡಿಸಿದರೂ ಸ್ವಲ್ಪ ಉದುರುತ್ತವೆ. ಉಳಿದದ್ದಕ್ಕೆಲ್ಲ ನನ್ನ ಓಟು ಲಕೋಟೆ ಇಲ್ಲದ ಕಾರ್ಡಿಗೆ. ಲಕೋಟೆಗೆ ಹಾಕಿದರೆ ಅದು ಪತ್ರದ ಜೊತೆ ಕಳಿಸಿದ ಚಿತ್ರ. ಚೆನ್ನಾಗಿಯೇ ಇರುತ್ತದೆ, ಆದರೆ ಪೋಸ್ಟ್‌ಕಾರ್ಡ್ ಅಲ್ಲ. ಪೋಸ್ಟ್‌ಕಾರ್ಡ್ ಎಂದರೆ ದಾರಿಯ ಧೂಳು ತಿಂದು ಬರಬೇಕು.

ನೀಲಿಶಾಯಿ ಅವರೇ, ಮುದ್ರೆಯ ಬಗ್ಗೆ ಭಯಪಟ್ಟಿದ್ದೀರಿ. ನನ್ನ ಬಳಿ ಒಂದು ಕಾರ್ಡ್ ಇದೆ. ಬೂದುಬಣ್ಣದ ಆಕಾಶ, ಕೆಳಗೆ ಒಂಟಿ ಕೊಕ್ಕರೆ, ಪೂರ್ತಿ ವಾಟರ್ ಕಲರ್. ಅಂಚೆಯ ಮೆಷಿನ್ ತಪ್ಪು ಮಗ್ಗುಲಿಗೆ ಮುದ್ರೆ ಒತ್ತಿದೆ. ಅಲೆ ಅಲೆಯಾದ ಕಪ್ಪು ಗೆರೆಗಳು ಸರಿಯಾಗಿ ಕೊಕ್ಕರೆಯ ಕಾಲ ಮೇಲೆ ಹರಿದಿವೆ. ಬಿಡಿಸಿದವರು ನೀರು ಬಿಡಿಸಿರಲೇ ಇಲ್ಲ, ಅಂಚೆಯವರು ಬಿಡಿಸಿಕೊಟ್ಟರು! ಬಲಗಡೆ ಮೂಲೆ ಮೆತ್ತಗಾಗಿ ಪದರ ಬಿಟ್ಟುಕೊಂಡಿದೆ. ನನ್ನ ಗೋಡೆಯ ಮೇಲೆ ಇರುವುದರಲ್ಲಿ ಜನ ಮೊದಲು ಕೇಳುವುದು ಇದರ ಬಗ್ಗೆಯೇ.

ಹಾಗಂತ ಎಲ್ಲವನ್ನೂ ದೇವರ ಮೇಲೆ ಬಿಡಿ ಎನ್ನುತ್ತಿಲ್ಲ. ಸ್ವಲ್ಪ ಮುಂಜಾಗ್ರತೆ ಬೇಕು.

ಕಾಗದ 250ರಿಂದ 300 ಜಿಎಸ್‌ಎಂ ಇರಲಿ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎನ್ನುವ ಲೆಕ್ಕ). ಎ4 ಹಾಳೆಯನ್ನು ನಾಲ್ಕು ಮಾಡಿದರೆ ಎ6 ಬರುತ್ತದೆ, 105 ಮಿ.ಮೀ. ಅಗಲ, 148 ಉದ್ದ. ಈ ಅಳತೆಗೆ ಹೆಚ್ಚುಕಮ್ಮಿ ಎಲ್ಲ ಕಡೆಯೂ ತಕರಾರಿಲ್ಲ. 300 ಜಿಎಸ್‌ಎಂ ಕಾಗದದ ಎ6 ಕಾರ್ಡ್ ಐದು ಗ್ರಾಂ ಕೂಡ ತೂಗುವುದಿಲ್ಲ. ಚೌಕ, ದುಂಡು, ಎಲೆಯಾಕಾರ ಎಲ್ಲ ನೋಡಲು ಚಂದ. ಆದರೆ ಮೆಷಿನ್‌ಗೆ ಒಗ್ಗುವುದಿಲ್ಲ, ಹಲವು ಕಡೆ ಹೆಚ್ಚಿನ ಸ್ಟಾಂಪ್ ಕೇಳುತ್ತಾರೆ. ಮೊದಲು ಆಯತಾಕಾರದಲ್ಲೇ ಪಳಗಿ.

ಶಾಯಿ ಮುಖ್ಯ. ನಿಮ್ಮ ಹೆಸರಲ್ಲೇ ಶಾಯಿ ಇದೆ, ಆದ್ದರಿಂದ ಹೇಳುತ್ತೇನೆ. ಸಾಧಾರಣ ಫೌಂಟನ್ ಪೆನ್ನಿನ ಶಾಯಿಯಲ್ಲಿ ಮಾತ್ರ ವಿಳಾಸ ಬರೆಯಬೇಡಿ. ಒಂದು ಹನಿ ನೀರು ಬಿದ್ದರೆ ಊರ ಹೆಸರೇ ಮಾಯ. ಚಿತ್ರ ಹೋದರೂ ಕಾರ್ಡ್ ತಲುಪುತ್ತದೆ, ವಿಳಾಸ ಹೋದರೆ ಮುಗಿಯಿತು. ನೀರಿಗೆ ಕದಡದ ಪಿಗ್ಮೆಂಟ್ ಶಾಯಿಯ ಪೆನ್ನು ಅಥವಾ ಸುಮ್ನೆ ಒಂದು ಬಾಲ್‌ಪೆನ್ ಸಾಕು. ಅನುಮಾನ ಇದ್ದರೆ ಒಂದು ತುಂಡು ಕಾಗದದಲ್ಲಿ ಬರೆದು, ಒಂದು ದಿನ ಒಣಗಲು ಬಿಟ್ಟು, ಒದ್ದೆ ಬೆರಳಲ್ಲಿ ಉಜ್ಜಿ ನೋಡಿ. ಕದಡದಿದ್ದರೆ ಸರಿ. ವಿಳಾಸದ ಮಗ್ಗುಲಲ್ಲಿ ಕೆಳಗಿನ ಅಂಚಿಗೆ ಒಂದೂವರೆ ಸೆಂಟಿಮೀಟರ್ ಖಾಲಿ ಬಿಡಿ. ಹಲವು ದೇಶಗಳಲ್ಲಿ ಮೆಷಿನ್ ಅಲ್ಲೇ ತನ್ನ ಗೆರೆಗಳನ್ನು ಅಚ್ಚು ಹಾಕುತ್ತದೆ. ಅಲ್ಲಿ ಪತ್ರ ಬರೆದಿದ್ದರೆ ಕೊನೆಯ ಸಾಲು ಗೋವಿಂದ.

ಕಾಗದದ ತುಂಡು ಅಂಟಿಸಿ ಕೊಲಾಜ್ ಮಾಡುವುದಾದರೆ ನೀರುಗೋಂದು ಬೇಡ, ಕಾರ್ಡ್ ಬಿಲ್ಲಿನ ಹಾಗೆ ಬಾಗುತ್ತದೆ. ಗ್ಲೂ ಸ್ಟಿಕ್ ಹಚ್ಚಿ. ತುಂಡುಗಳ ಅಂಚನ್ನು ಬಿಡದೆ ಒತ್ತಿ, ರಾತ್ರಿ ದಪ್ಪ ಪುಸ್ತಕದ ಕೆಳಗೆ ಇಟ್ಟುಬಿಡಿ. ಗುಂಡಿ, ಮಣಿ, ಮಿಂಚಿನ ಪುಡಿ ಅಂಟಿಸುವವರಿದ್ದಾರೆ. ದಯವಿಟ್ಟು ಬೇಡ. ಅದನ್ನು ಕೈಯಲ್ಲಿ ಹಿಡಿಯುವವರ ಬಗ್ಗೆಯೂ ಯೋಚಿಸಿ. (ಮಿಂಚಿನ ಪುಡಿಯ ಮೇಲೆ ನನಗೆ ಹಳೇ ದ್ವೇಷ. ಅದನ್ನು ಇಲ್ಲಿ ಬಿಚ್ಚುವುದಿಲ್ಲ.)

ಇನ್ನು "ಚಿತ್ರ ಅಷ್ಟಕ್ಕಷ್ಟೇ" ಎಂದಿರಿ. ಗೆಳತಿ ಕೇಳಿದ್ದು "ನಿನ್ನದು ಎಲ್ಲಿ?" ಎಂದು. ಚೆನ್ನಾಗಿರುವುದು ಎಲ್ಲಿ ಎಂದು ಕೇಳಿಲ್ಲ, ಅಲ್ವಾ?

ಅಚ್ಚುಮೊಳೆ:

ಒಂದು ಹಳೇ ಕತೆ ಸೇರಿಸುತ್ತೇನೆ. ಅಧಿಕೃತ ಪೋಸ್ಟ್‌ಕಾರ್ಡ್ ಶುರುವಾದದ್ದು ಆಸ್ಟ್ರಿಯಾ-ಹಂಗೇರಿಯಲ್ಲಿ, 1869ರ ಅಕ್ಟೋಬರ್ 1ರಂದು. ಅದರಲ್ಲಿ ಚಿತ್ರವೇ ಇರಲಿಲ್ಲ. ಆದರೆ ಈಗ ಗೊತ್ತಿರುವ ಚಿತ್ರದ ಪೋಸ್ಟ್‌ಕಾರ್ಡುಗಳಲ್ಲಿ ಎಲ್ಲಕ್ಕಿಂತ ಹಳೆಯದು 1840ರದು. ಅದೂ ಕೈಯಲ್ಲಿ ಬಿಡಿಸಿದ್ದು! ಲಂಡನ್ನಿನ ಥಿಯೋಡರ್ ಹುಕ್ ಎಂಬ ಲೇಖಕರ ವಿಳಾಸಕ್ಕೆ ಬಂದ ಕಾರ್ಡ್. ತಮಾಷೆಗೆ ಅವರೇ ತಮಗೆ ಕಳಿಸಿಕೊಂಡಿರಬೇಕು ಎನ್ನುತ್ತಾರೆ. ಜಗತ್ತಿನ ಮೊದಲ ಅಂಚೆಚೀಟಿ ಪೆನ್ನಿ ಬ್ಲ್ಯಾಕ್ ಹಚ್ಚಿದೆ. ಚಿತ್ರದಲ್ಲಿ ಅಂಚೆ ಗುಮಾಸ್ತರು ದೊಡ್ಡ ಶಾಯಿ ದವತಿಯ ಸುತ್ತ ಕೂತಿದ್ದಾರೆ. ಅಂಚೆಯವರನ್ನು ಗೇಲಿ ಮಾಡುವ ಚಿತ್ರ, ತಲುಪಿಸಿದ್ದೂ ಅದೇ ಅಂಚೆಯವರು. ಲಕೋಟೆ ಇದ್ದಿದ್ದರೆ ಈ ಮಜಾ ಎಲ್ಲಿರುತ್ತಿತ್ತು?

ನನ್ನದು ಲಿನೋ ಅಚ್ಚು, ಅಂದರೆ ಲಿನೋಲಿಯಂ ಹಾಳೆಯಲ್ಲಿ ಚಿತ್ರ ಕೊರೆದು, ಬಣ್ಣ ಹಚ್ಚಿ ಕಾಗದಕ್ಕೆ ಒತ್ತುವುದು. ಚಿತ್ರ ಬಿಡಿಸಲು ಧೈರ್ಯ ಬಾರದವರಿಗೆ ಇದು ಒಳ್ಳೆಯ ದಾರಿ. ಲಿನೋ ಸಿಗದಿದ್ದರೆ ದೊಡ್ಡ ರಬ್ಬರ್ ಸಾಕು, ಅದೇ ಪೆನ್ಸಿಲ್ ಅಳಿಸುವ ರಬ್ಬರ್. ಒಮ್ಮೆ ಕೊರೆದರೆ ಒಂದು ಡಜನ್ ಕಾರ್ಡ್ ಸಲೀಸಾಗಿ ಆಗುತ್ತವೆ. ಒಂದಕ್ಕೆ ಬಣ್ಣ ಜಾಸ್ತಿ, ಒಂದಕ್ಕೆ ಕಮ್ಮಿ, ಒಂದು ಸ್ವಲ್ಪ ಓರೆ. ಯಾವುದೂ ಇನ್ನೊಂದರ ಹಾಗಿರುವುದಿಲ್ಲ. ಅಕ್ಷರ ಕೊರೆಯುವಾಗ ಮಾತ್ರ ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿ ಕೊರೆಯಬೇಕು. ಕೈಗೆ ಹುಷಾರು, ಕತ್ತಿ ಯಾವಾಗಲೂ ನಿಮ್ಮಿಂದ ಆಚೆ ಹೋಗಲಿ.

ನೀಲಿಶಾಯಿ:

ಅಬ್ಬಾ, ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಥ್ಯಾಂಕ್ಸ್. ವಿಳಾಸಕ್ಕೆ ಬಾಲ್‌ಪೆನ್ ಎಂದು ತೀರ್ಮಾನ ಮಾಡಿದೆ.

ರಟ್ಟುರಾಶಿ ಅವರೇ, ಇನ್ನೊಂದು ಪ್ರಶ್ನೆ. ಕೊಟ್ಟುಬಿಟ್ಟರೆ ಮತ್ತೆ ನೋಡಲು ಸಿಗುವುದಿಲ್ಲವಲ್ಲ, ಅದು ನಿಮಗೆ ಬೇಜಾರಾಗುವುದಿಲ್ಲವಾ? ಹಿಂದುಗಡೆ ಏನು ಬರೆಯುತ್ತೀರಿ? ನನಗೆ ಚಿತ್ರಕ್ಕಿಂತ ಅದೇ ಕಷ್ಟ. "ಹೇಗಿದ್ದೀಯ, ನಾನು ಚೆನ್ನಾಗಿದ್ದೇನೆ" ಅಲ್ಲಿಗೆ ನಿಲ್ಲುತ್ತದೆ.

ರಟ್ಟುರಾಶಿ:

ಕಳಿಸುವ ಮೊದಲು ಎರಡೂ ಮಗ್ಗುಲಿನ ಫೋಟೋ ತೆಗೆದಿಟ್ಟುಕೊಳ್ಳಿ. ಬೇಜಾರು ಅರ್ಧ ಅಲ್ಲೇ ಇಳಿಯುತ್ತದೆ. ಮಿಕ್ಕರ್ಧ ಇಳಿಯುವುದು ಅವರ ಕಾರ್ಡ್ ನಿಮ್ಮ ಕೈಗೆ ಬಂದಾಗ.

ನನ್ನ ಜೊತೆ ಬಹಳ ವರ್ಷಗಳಿಂದ ಕಾರ್ಡ್ ಬದಲಾಯಿಸಿಕೊಳ್ಳುವ ಒಬ್ಬರಿದ್ದಾರೆ. ಮುಖ ನೋಡಿದ್ದಿಲ್ಲ. ಅವರು ಬ್ಯಾಂಕಿನಿಂದ ಬರುವ ಲಕೋಟೆಗಳ ಒಳಮೈ ಕತ್ತರಿಸಿ ಕೊಲಾಜ್ ಮಾಡುತ್ತಾರೆ. ಒಳಗಿನ ಕಾಗದ ಕಾಣದಿರಲಿ ಎಂದು ಅಚ್ಚು ಹಾಕಿರುತ್ತಾರಲ್ಲ, ನೀಲಿ ಚುಕ್ಕೆ, ಓರೆಗೆರೆ, ಗಿಜಿಗಿಜಿ ಬಳ್ಳಿ, ಅದು. ಅದರಲ್ಲೇ ಸಮುದ್ರ ಮಾಡುತ್ತಾರೆ. ದಟ್ಟ ಚುಕ್ಕೆ ಹತ್ತಿರದ ಅಲೆ, ತೆಳು ಗೆರೆ ದೂರದ್ದು. ಬೆರಳಾಡಿಸಿದರೆ ಒಂದೊಂದು ಅಲೆಯ ಅಂಚೂ ಸಿಗುತ್ತದೆ. ಫೋಟೋದಲ್ಲಿ ಇದು ಬರುವುದೇ ಇಲ್ಲ.

ನಮ್ಮಿಬ್ಬರದೂ ಒಂದು ಆಟ ಇದೆ. ಒಬ್ಬರು ಬಿಡಿಸಿದ ಚಿತ್ರ ಕಾರ್ಡಿನ ಬಲ ಅಂಚಿಗೆ ಹೋಗಿ ನಿಲ್ಲಬೇಕು. ಇನ್ನೊಬ್ಬರು ಅಲ್ಲಿಂದ ಮುಂದುವರಿಸಬೇಕು. ಅದಕ್ಕೇ ಇಬ್ಬರದೂ ಎ6, ಎರಡೂ ಅಡ್ಡಕ್ಕೆ. ಒಮ್ಮೆ ನಾನು ಅರ್ಧ ಸೇತುವೆ ಕಳಿಸಿದೆ. ಉತ್ತರ ಬರುವುದು ತಡವಾಯಿತು, ತಡೆಯಲಾಗದೆ ನಾನೇ ಮುಂದಿನ ಕಾರ್ಡ್ ಮಾಡಿ ಸೇತುವೆಯನ್ನು ಕಾಡಿಗೆ ಇಳಿಸಿ ಕಳಿಸಿದೆ. ಅಷ್ಟರಲ್ಲಿ ಅವರದೂ ಹೊರಟಿತ್ತು, ಅದರಲ್ಲಿ ಸೇತುವೆ ಒಂದು ಸಂತೆಗೆ ಇಳಿದಿತ್ತು. ಹಾಗಾಗಿ ಆ ಸೇತುವೆಗೆ ಈಗ ಎರಡು ಆಚೆದಡ. ಸಂತೆಯ ಕಡೆಯಿಂದ ಒಂದು ಸಾಲು, ಕಾಡಿನ ಕಡೆಯಿಂದ ಇನ್ನೊಂದು ಸಾಲು, ಎರಡೂ ಇನ್ನೂ ನಡೆದೇ ಇವೆ. ಒಂದರ ಕಾರ್ಡು ನನ್ನ ಬಳಿ ಇದ್ದರೆ ಅದರ ಮುಂದಿನದು ಅವರ ಬಳಿ. ಪೂರ್ತಿ ಚಿತ್ರ ಇಬ್ಬರ ಹತ್ತಿರವೂ ಇಲ್ಲ. ನನಗೆ ಅದೇ ಇಷ್ಟ.

ಹಿಂದುಗಡೆ ಏನು ಬರೆಯುವುದು ಎಂದಿರಿ. ಸಮಾಚಾರ ಬರೆಯಬೇಡಿ, ಅದಕ್ಕೆ ಫೋನ್ ಇದೆ. ಕಾರ್ಡ್ ಮಾಡುವಾಗ ಪಕ್ಕದಲ್ಲಿ ಏನಾಗುತ್ತಿತ್ತೋ ಅದನ್ನು ಬರೆಯಿರಿ. ಬ್ರಷ್ ತೊಳೆಯುವ ನೀರನ್ನು ಬೆಕ್ಕು ಕುಡಿಯಲು ಬಂತು. ಹಸಿರು ಮುಗಿದಿದ್ದರಿಂದ ಮರ ನೇರಳೆ ಆಯಿತು. ಇಂಥವು. ನಾಲ್ಕು ಸಾಲಿಗೆ ಜಾಗ ಸಾಲುವುದಿಲ್ಲ, ನೋಡಿ. ತಾರೀಖು ಮಾತ್ರ ಮರೆಯಬೇಡಿ. ಎಷ್ಟೋ ಸಲ ಮುದ್ರೆಯ ತಾರೀಖು ಓದಲು ಬರುವುದಿಲ್ಲ.

ಅಚ್ಚುಮೊಳೆ:

ಚಿತ್ರ ಮತ್ತು ಮಾತು ಎರಡಕ್ಕೂ ಹೆದರುವವರು ಜಪಾನಿನ ಎಟೆಗಾಮಿ, ಅಂದರೆ ಚಿತ್ರಪತ್ರ, ನೋಡಬಹುದು. ಕಾರ್ಡ್ ತುಂಬುವ ಹಾಗೆ ಒಂದೇ ವಸ್ತು, ಹಣ್ಣೋ ಎಲೆಯೋ. ಅದರ ಪಕ್ಕ ಒಂದೆರಡು ಮಾತು. ಪೆನ್ಸಿಲ್‌ನಲ್ಲಿ ಮೊದಲೇ ಬರೆದುಕೊಳ್ಳುವಂತಿಲ್ಲ. ಬ್ರಷ್ಷನ್ನು ಹಿಡಿಯ ತುದಿಯಲ್ಲಿ ಹಿಡಿದು ನಿಧಾನವಾಗಿ ಗೆರೆ ಎಳೆಯಬೇಕು. ಹಾಗೆ ಹಿಡಿದರೆ ಎಂಥ ಪಳಗಿದ ಕೈಯೂ ನಡುಗುತ್ತದೆ! ಆ ನಡುಗುವ ಗೆರೆಯೇ ಬೇಕು ಅವರಿಗೆ. ಸೊಟ್ಟ ಇದ್ದರೂ ಪರವಾಗಿಲ್ಲ, ಸೊಟ್ಟ ಇದ್ದರೇ ಚೆನ್ನ ಎನ್ನುವುದು ಅವರ ಮಂತ್ರ.

ಇನ್ನೊಂದು, ಕಳೆದುಹೋಗುವ ಭಯ ಇರುವವರಿಗೆ. ಜರ್ಮನ್ ಚಿತ್ರಕಾರ ಫ್ರಾಂಜ್ ಮಾರ್ಕ್ ಕವಯಿತ್ರಿ ಎಲ್ಸೆ ಲಾಸ್ಕರ್-ಶೂಲರ್ ಅವರಿಗೆ ಕೈಯಲ್ಲಿ ಬಿಡಿಸಿದ ಕಾರ್ಡುಗಳನ್ನು ಕಳಿಸುತ್ತಿದ್ದರು. 1913ರ ಹೊಸ ವರ್ಷದ ಶುಭಾಶಯಕ್ಕೆ ಕಳಿಸಿದ್ದು ನೀಲಿ ಕುದುರೆಗಳ ಚಿತ್ರ. ಅದನ್ನೇ ಆಮೇಲೆ ಎರಡು ಮೀಟರ್ ಎತ್ತರದ ದೊಡ್ಡ ಚಿತ್ರವಾಗಿ ಬರೆದರು. ಆ ದೊಡ್ಡ ಚಿತ್ರ ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ನಾಪತ್ತೆಯಾಯಿತು, ಇವತ್ತಿಗೂ ಸಿಕ್ಕಿಲ್ಲ. ಅಂಗೈಯಗಲದ ಕಾರ್ಡ್ ಉಳಿದುಕೊಂಡಿದೆ.

ಮೇಣದಬಣ್ಣ:

ಸರಿ, ನಿಮ್ಮದೇ ಮೆಜಾರಿಟಿ. ಪೇಸ್ಟಲ್‌ಗೆ ಲಕೋಟೆ ಬಿಡುವುದಿಲ್ಲ, ಅದರಲ್ಲಿ ರಾಜಿ ಇಲ್ಲ. ಆದರೆ ಆ ರಬ್ಬರ್ ಅಚ್ಚು ಆಸೆ ಹುಟ್ಟಿಸಿದೆ. ಒಂದು ಮಾಡಿ ಲಕೋಟೆ ಇಲ್ಲದೆ ಬಿಟ್ಟು ನೋಡುತ್ತೇನೆ. ಅಚ್ಚುಮೊಳೆ ಅವರೇ, ನಿಮಗೇ ಕಳಿಸಲಾ?

ಅಚ್ಚುಮೊಳೆ:

ಕಳಿಸಿ ಕಳಿಸಿ! ವಿಳಾಸ ನಿಮಗೆ ಖಾಸಗಿ ಮೆಸೇಜ್‌ನಲ್ಲಿ ಹಾಕುತ್ತೇನೆ. ಯಾರೂ ಇಲ್ಲಿ ಎಲ್ಲರಿಗೂ ಕಾಣುವ ಹಾಗೆ ವಿಳಾಸ ಬರೆಯಬೇಡಿ. ಗೊತ್ತಿಲ್ಲದವರ ಜೊತೆ ಬದಲಾಯಿಸಿಕೊಳ್ಳಬೇಕು ಎನ್ನುವವರಿಗೆ ಪೋಸ್ಟ್‌ಕ್ರಾಸಿಂಗ್ ಎಂಬ ವೆಬ್‌ಸೈಟ್ ಇದೆ. 2005ರಲ್ಲಿ ಪೋರ್ಚುಗಲ್‌ನಲ್ಲಿ ಶುರುವಾದದ್ದು. ನೀವು ಒಬ್ಬರಿಗೆ ಕಳಿಸಿದರೆ ನಿಮಗೆ ಬೇರೆ ಯಾರೋ ಕಳಿಸುತ್ತಾರೆ. ಆ ಸೈಟ್ ಕೊಟ್ಟ ನಂಬರನ್ನು ಕಾರ್ಡಿನ ಮೇಲೆ ಎರಡು ಕಡೆ ಬರೆಯಿರಿ, ಒಂದರ ಮೇಲೆ ಮುದ್ರೆ ಬಿದ್ದರೆ ಇನ್ನೊಂದು ಇರುತ್ತದೆ.

ನೀಲಿಶಾಯಿ:

ಡ್ರಾಯರ್‌ನ ಕಟ್ಟು ಬಿಚ್ಚಿದೆ. ಮೇಲಿದ್ದ ಕಾರ್ಡ್ ಲಂಬಕ್ಕೆ ಇದೆ, ಒಂದು ಮೆಟ್ಟಿಲ ಚಿತ್ರ. ಮೆಟ್ಟಿಲು ಮೇಲಿನ ಅಂಚಿಗೆ ಹೋಗಿ ನಿಂತಿದೆ. ರಟ್ಟುರಾಶಿ ಅವರೇ, ನಿಮ್ಮ ಆಟ ಮೇಲಕ್ಕೂ ಆಡಬಹುದಾ?

ರಟ್ಟುರಾಶಿ:

ಆಡಬಹುದು. "ಮೇಲೆ ಏನಿದೆ ನೀನೇ ಹೇಳು" ಎಂದಷ್ಟೇ ಹಿಂದೆ ಬರೆದು ಕಳಿಸಿಬಿಡಿ. ಏನು ಬರೆಯುವುದು ಎನ್ನುವ ತಲೆನೋವೂ ತಪ್ಪಿತು.